ಇಂಗ್ಲಿಷ್ ಪದಸಂಪತ್ತನ್ನು ಬೆಳೆಸಿಕೊಳ್ಳುವುದು ಹೇಗೆ?

ಪ್ರಶ್ನೆ (ಬದಿಯಡ್ಕ): ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪದವಿ ತರಗತಿಯಲ್ಲಿರುವ ನಾನು ದಿನಕ್ಕೆ 20 ಕಠಿಣ ಪದಗಳನ್ನು ಬಾಯಿಪಾಠ ಮಾಡಿದರೂ ವಾರ ಕಳೆಯುವಷ್ಟರಲ್ಲಿ ಎಲ್ಲವೂ ಮರೆತುಹೋಗುತ್ತವೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ (ಕುಂಬಳೆ): ಪಟ್ಟಿಯನ್ನು ಬದಿಗಿಟ್ಟು ಧಾತುವನ್ನು, ಅಂದರೆ ಪದದ ಬೇರನ್ನು ಹಿಡಿಯಿರಿ. ಇಂಗ್ಲಿಷಿನ ಎಷ್ಟೋ ಪದಗಳ ತವರಾದ ಲ್ಯಾಟಿನ್ನಿನಲ್ಲಿ ‘ಸ್ಪೆಕ್ಟ್’ ಎಂದರೆ ನೋಡುವುದು, ‘ಸರ್ಕಮ್’ ಎಂದರೆ ಸುತ್ತ. ಆದ್ದರಿಂದ ಸುತ್ತಲೂ ನೋಡಿ ಹೆಜ್ಜೆಯಿಡುವವನು ‘ಸರ್ಕಮ್‌ಸ್ಪೆಕ್ಟ್’, ಅಂದರೆ ಜಾಗರೂಕ. ಇನ್‌ಸ್ಪೆಕ್ಟ್, ಸ್ಪೆಕ್ಟೇಟರ್ ಇತ್ಯಾದಿ ಅದೇ ಬಳ್ಳಿಯ ಕಾಯಿಗಳು. (‘ನೋಡುತ್ತಾನೆ’ ಎಂಬರ್ಥದ ಸಂಸ್ಕೃತದ ‘ಪಶ್ಯತಿ’ಯೂ ಇದರ ದೂರದ ನೆಂಟನೇ.)

ಉತ್ತರ (ಮಂಜೇಶ್ವರ): ಮೇಲಿನವರ ಮಾತು ಸರಿಯಾದರೂ ಧಾತುವಿನಿಂದ ಪದದ ಧ್ವನಿ, ಅಂದರೆ ಅರ್ಥದ ಜೊತೆಗೆ ಅದು ಸೂಚಿಸುವ ಭಾವ, ತಿಳಿಯುವುದಿಲ್ಲ. ‘ಸ್ಲಿಮ್’ ಮತ್ತು ‘ಸ್ಕಿನ್ನಿ’ ಎರಡೂ ತೆಳ್ಳಗಿನ ಮೈಯನ್ನೇ ಸೂಚಿಸಿದರೂ ಮೊದಲನೆಯದು ನಮ್ಮ ‘ಸಪೂರ’, ಎರಡನೆಯದು ‘ನರಪೇತಲ’. ಮದುಮಗಳ ಎದುರು ಯಾವುದನ್ನು ಆಡಬೇಕೆಂಬುದನ್ನು ನಿಘಂಟು ಹೇಳಿಕೊಡುವುದು ಕಡಿಮೆ. ಹೊಸ ಪದವನ್ನು ಅದು ಸಿಕ್ಕಿದ ವಾಕ್ಯದ ಸಮೇತ ಬರೆದಿಡಿ, 20ರ ಬದಲು 3 ಸಾಕು.