ಅಳೋದಕ್ಕೆ ಮರಾಠಿ ಸಾಲಲ್ಲ ಮೇಡಂ

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ, ಗುಂಪಿನ ಅಡ್ಮಿನ್ ಮೂಲಕ):
ಮೇಡಂ, ನಮ್ಮದು ಮಹಾರಾಷ್ಟ್ರದ ಜತ್ತ ತಾಲೂಕಿನ ಹಳ್ಳಿ. ಯಜಮಾನರು ಲಾರಿ ಓಡಿಸುತ್ತಿದ್ದರು, ತೀರಿಕೊಂಡು ಎರಡು ವರ್ಷ ಆಯಿತು. ನನಗೂ ಎಚ್‌ಐವಿ ಇರೋದು ಆಗಲೇ ಗೊತ್ತಾಗಿದ್ದು. ದಿನಾ ರಾತ್ರಿ ಎಚ್‌ಐವಿಗೆ ಕೊಡುವ ಟಿಎಲ್‌ಡಿ ಗುಳಿಗೆ ತಪ್ಪದೆ ನುಂಗುತ್ತೇನೆ. ಹೋದ ಸಲ ರಕ್ತದಲ್ಲಿ ವೈರಸ್ ಕಾಣಲಿಲ್ಲ ಅಂದರು. ಆದರೂ ಒಂದು ತಿಂಗಳಿಂದ ನಿದ್ದೆ ಇಲ್ಲ. ದ್ರಾಕ್ಷಿ ತೋಟದ ಕೂಲಿಗೆ ಹೋಗಲು ಮನಸ್ಸಿಲ್ಲ, ಮಗಳಿಗೆ ತುತ್ತು ತಿನ್ನಿಸಲೂ ಹೆದರಿಕೆ. ಅತ್ತೆಗೆ ಏನೂ ಗೊತ್ತಿಲ್ಲ. ಡಬ್ಬಿ ಗಲಗಲ ಅನ್ನುತ್ತದೆ ಅಂತ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಜೋಳದ ಡಬ್ಬದಲ್ಲಿ ಇಟ್ಟಿದ್ದೇನೆ. ಗುಳಿಗೆ ಕೊಡುವ ಸೆಂಟರಿನಲ್ಲಿ ಎಲ್ಲರೂ ಮರಾಠಿ. ಸಂತೆಗೆ ಸಾಕಾಗುವಷ್ಟು ಮರಾಠಿ ಬರುತ್ತೆ, ಅಳೋದಕ್ಕೆ ಸಾಲಲ್ಲ.

ಉತ್ತರ (ಎಆರ್‌ಟಿ, ಅಂದರೆ ಎಚ್‌ಐವಿ ಚಿಕಿತ್ಸೆಯ ಆಪ್ತಸಮಾಲೋಚಕಿ):
ಅಕ್ಕಾ, ಮೊದಲು ಜೋಳದ ಡಬ್ಬದಿಂದ ಗುಳಿಗೆ ಹೊರಗೆ ತೆಗೀರಿ. ಕಾಗದದಲ್ಲಿ ಕಟ್ಟಿಟ್ಟರೆ ತೇವ ಹಿಡಿಯುತ್ತವೆ. ಕೊಟ್ಟ ಡಬ್ಬಿಯಲ್ಲೇ ಇರಲಿ, ಒಳಗಿನ ತೇವ ಹೀರುವ ಸಣ್ಣ ಚೀಲವನ್ನು ಬಿಸಾಡಬೇಡಿ. ಸದ್ದು ಬಾರದಂತೆ ಮೇಲೆ ಒಂದಿಷ್ಟು ಒಣ ಹತ್ತಿ ತುರುಕಿ. ನಮ್ಮಲ್ಲಿಗೆ ಬರುವ ಎಷ್ಟೋ ಮಂದಿ ಹೀಗೇ ಮಾಡುತ್ತಾರೆ.

ಟಿಎಲ್‌ಡಿಯಲ್ಲಿ ಮೂರು ಔಷಧಿ ಇವೆ. ಅದರಲ್ಲಿ ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತದೆ. ರಾತ್ರಿ ಬದಲು ಬೆಳಿಗ್ಗೆ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ನೀವಾಗಿ ಗುಳಿಗೆ ಮಾತ್ರ ನಿಲ್ಲಿಸಬೇಡಿ, ಅಂಗಡಿಯಿಂದ ನಿದ್ದೆ ಗುಳಿಗೆ ತರಿಸಲೂಬೇಡಿ.

ಆದರೆ ಕೆಲಸಕ್ಕೆ ಮನಸ್ಸಿಲ್ಲ, ತಿಂಗಳಿಂದ ಹೀಗೇ ಅಂದರೆ ಬರೀ ನಿದ್ದೆಯ ಮಾತಲ್ಲ ಅನ್ನಿಸುತ್ತೆ. ಇದು ಖಿನ್ನತೆ ಇರಬಹುದು. ಗಂಡ ಹೋದ ದುಃಖ, ಕಾಯಿಲೆಯ ಸುದ್ದಿ ಎರಡನ್ನೂ ಒಟ್ಟಿಗೇ ಹೊತ್ತಿರಿ, ಅಲ್ವಾ? ಮುಂದಿನ ಸಲ ಹೋದಾಗ ‘ಆರಾಮ ಇದ್ದೀನಿ’ ಅಂದು ಡಬ್ಬಿ ತಗೊಂಡು ಎದ್ದು ಬರಬೇಡಿ. ‘ನಿದ್ದೆ ಇಲ್ಲ, ಮನಸ್ಸು ಸರಿಯಿಲ್ಲ’ ಅನ್ನಿ, ಇಷ್ಟು ಮರಾಠಿ ಸಾಕು. ಖಿನ್ನತೆಗೆ ಔಷಧಿ ಇದೆ, ಎಚ್‌ಐವಿ ಗುಳಿಗೆಯ ಜೊತೆಗೇ ತಗೊಳ್ಳಬಹುದು. ಯಾವುದು ಅಂತ ಡಾಕ್ಟರ್ ನೋಡಿ ಕೊಡುತ್ತಾರೆ.

ಕನ್ನಡದಲ್ಲಿ ಅಳಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ನಡೆಯುತ್ತದೆ, ಭಾಷೆ ಕೇಳಿದಾಗ ಕನ್ನಡ ಆರಿಸಿ. ಸಾಯುವ ಯೋಚನೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಮಾಡಿ.

ಮಗಳಿಗೆ ತುತ್ತು ತಿನ್ನಿಸಿ ಅಕ್ಕಾ. ಕೈತುತ್ತಿನಿಂದ ಇದು ಯಾರಿಗೂ ಬರೋದಿಲ್ಲ.

ಸದಸ್ಯರೊಬ್ಬರು (ಅಕ್ಕಲಕೋಟ):
ಸೆಂಟರಿನವರೇ ಅತ್ತೆಗೆ ಹೇಳಿಬಿಟ್ಟರೆ?

ಉತ್ತರ:
ಹಾಗೆ ಹೇಳುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಆಸ್ಪತ್ರೆಯವರು ಮನೆಯವರಿಗೆ ಹೇಳುವುದು ತಪ್ಪು. ಅತ್ತೆಗೆ ಹೇಳಲೇಬೇಕು ಅಂತ ನಾನಂತೂ ಒತ್ತಾಯ ಮಾಡಲ್ಲ. ನಂಬಿಕೆಯ ಒಬ್ಬರು ಗೊತ್ತಿದ್ದರೆ ಸಾಕು.

ಪ್ರಶ್ನೆ ಕೇಳಿದವರು:
ಮೇಡಂ, ಮನೆಯಲ್ಲಿ ಫೋನ್ ಮಾಡಲು ಜಾಗವೇ ಇಲ್ಲ. ಒಂದೇ ಕೋಣೆ.

ಉತ್ತರ:
ತೋಟದಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಸ್ವಲ್ಪ ದೂರ ಕೂತು ಮಾಡಿ. ಯಾರಾದರೂ ಕೇಳಿದರೆ ‘ತವರಿನ ಫೋನು’ ಅನ್ನಿ.