ಬಗ್‌ಜಿಲ್ಲಾನ ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಎತ್ತಾಕಿದೋರು ಯಾರಾದ್ರೂ ಇದ್ದೀರಾ?

ಬಗ್‌ಬೇಟೆ:
ನಮಸ್ಕಾರ ಎಲ್ರಿಗೂ. ನಮ್ ಆಫೀಸಲ್ಲಿ ಬಗ್‌ಜಿಲ್ಲಾ 5.0 (ಸಾಫ್ಟ್‌ವೇರ್ ತಪ್ಪುಗಳ ಲೆಕ್ಕ ಇಡೋ ತಂತ್ರಾಂಶ) ಮೊದಲಿಂದ್ಲೂ ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೇ ಓಡ್ತಿದೆ. ಮಿಕ್ಕಿದ್ದೆಲ್ಲಾ ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ಗೆ ಹೋಯ್ತು, ಇದೊಂದಕ್ಕೆ ಯಾಕೆ ಬೇರೆ ಸರ್ವರ್ ಸಾಕ್ಬೇಕು ಅಂತ ಮ್ಯಾನೇಜರ್‌ದು ದಿನಾ ಅದೇ ರಾಗ. ಡಂಪ್ (ಪೂರ್ತಿ ಡೇಟಾದ ಎಸ್‌ಕ್ಯೂಎಲ್ ಫೈಲ್) ತೆಗ್ದು ತುಂಬೋಕೆ ಹೋದೆ, ಮೊದಲ್ನೇ ಟೇಬಲ್ಲಲ್ಲೇ ಹೆಸ್ರಿನ ಸುತ್ತ ಇರೋ ಬ್ಯಾಕ್‌ಟಿಕ್ (`) ಗುರುತು ನೋಡಿ ಎರರ್ ಉಗೀತು. ಹಿಂದಿದ್ದೋರು ಬರ್ದಿಟ್ಟು ಹೋದ ಏಳೆಂಟು ರಿಪೋರ್ಟ್ ಸ್ಕ್ರಿಪ್ಟ್ ಬೇರೆ ಇವೆ. ಕೋಡೆಲ್ಲಾ ತಿದ್ಬೇಕಾ?

ಹಳೇಪರ್ಲ್:
ಡಂಪ್ ಸಹವಾಸ ಬಿಡಿ ಸಾರ್. ಬಗ್‌ಜಿಲ್ಲಾ ಕೋಡ್ ನೀವು ಮುಟ್ಟೋದೇ ಬೇಡ, ಆ ಕಷ್ಟ ಬೇರೆಯೋರು ಆಗ್ಲೇ ಪಟ್ಟಾಗಿದೆ. ಮೊದಮೊದ್ಲು ಅದು ಮೈಎಸ್‌ಕ್ಯೂಎಲ್‌ಗೇ ಅಂಟ್ಕೊಂಡಿತ್ತು, 2005ರ 2.20ರಲ್ಲಿ ಪೋಸ್ಟ್‌ಗ್ರೆಸ್ ಪ್ರಯೋಗಕ್ಕೆ ಅಂತ ಬಂತು, 2.22ಕ್ಕೆ ಗಟ್ಟಿ ಆಯ್ತು, ಆಮೇಲೆ ಒರಾಕಲ್, 4.2ರಲ್ಲಿ ಎಸ್‌ಕ್ಯೂಲೈಟ್. ಒಂದೊಂದು ಡೇಟಾಬೇಸ್‌ಗೂ ಒಂದೊಂದು ಮಾಡ್ಯೂಲ್ ಇದೆ. ಲಿಮಿಟ್, ತಾರೀಖು, ರೆಜೆಕ್ಸ್ (ಪಠ್ಯ ಹುಡುಕೋ ಮಾದರಿ) ಹೀಗೆ ಎಲ್ಲೆಲ್ಲಿ ಭಾಷೆ ಬೇರೆ ಆಗತ್ತೋ ಅಲ್ಲೆಲ್ಲಾ ಒಂದು ಸಣ್ಣ ಫಂಕ್ಷನ್, ಅದು ಆಯಾ ಡೇಟಾಬೇಸ್‌ಗೆ ತಕ್ಕ ತುಂಡು ಎಸ್‌ಕ್ಯೂಎಲ್ ಕೊಡತ್ತೆ ಅಷ್ಟೇ.

ಅದೇ ವರ್ಷನ್ನಿನ ಇನ್ನೊಂದು ಕಾಪಿ ಹಾಕಿ, ಲೋಕಲ್‌ಕಾನ್ಫಿಗ್ ಅನ್ನೋ ಸೆಟ್ಟಿಂಗ್ ಫೈಲಲ್ಲಿ ಡಿಬಿ ಡ್ರೈವರ್ 'ಪಿಜಿ' (ಪೋಸ್ಟ್‌ಗ್ರೆಸ್) ಮಾಡಿ, ಟೇಬಲ್ ಕಟ್ಟೋ ಚೆಕ್‌ಸೆಟಪ್ ಸ್ಕ್ರಿಪ್ಟ್ ಓಡಿಸಿ. ಅಡ್ಮಿನ್ ಇಮೇಲ್ ಕೇಳತ್ತೆ, ಏನೋ ಒಂದು ಕೊಡಿ. ಆಮೇಲೆ ಕಾಂಟ್ರಿಬ್ ಫೋಲ್ಡರಲ್ಲಿ ಬಿಝಡ್‌ಡಿಬಿಕಾಪಿ ಅಂತ ಸ್ಕ್ರಿಪ್ಟ್ ಇದೆ, ಅದ್ರ ತಲೆಭಾಗದಲ್ಲೇ ಎರಡೂ ಕಡೆ ಹೆಸ್ರು, ಪಾಸ್‌ವರ್ಡ್ ತುಂಬಿ ಬಿಡಿ. ಹೊಸದ್ರಲ್ಲಿ ಇರೋದನ್ನ ಅಳಿಸಿ ಹಳೇದನ್ನ ತುಂಬತ್ತೆ, ಸೀಕ್ವೆನ್ಸನ್ನೂ (ಮುಂದಿನ ಐಡಿ ಕೊಡೋ ಕೌಂಟರ್) ಅದೇ ಸರಿ ಮಾಡತ್ತೆ. ಹುಷಾರು, ಎರಡು ಕಡೆ ಹೆಸ್ರು ಅದಲುಬದಲು ಆದ್ರೆ ಮಾತ್ರ ದೇವ್ರೇ ಗತಿ, ಬ್ಯಾಕಪ್ ಇಟ್ಕೊಳಿ.

ಮಲ್ನಾಡ್‌ಹುಡ್ಗ:
ಹಳೇಪರ್ಲ್ ಅಣ್ಣ ಹೇಳಿದ್ದು ಸರಿ, ಆದ್ರೆ ನಂಗೆ ಕೈ ಕೊಟ್ಟಿದ್ದು ಎನ್‌ಕೋಡಿಂಗ್ (ಅಕ್ಷರಗಳನ್ನ ಬೈಟಾಗಿ ಬರೆಯೋ ರೀತಿ) ಮಾರಾಯ್ರೆ. ಯಾವ್ದೋ ಕಾಲದ ಕಾಮೆಂಟಲ್ಲಿ ಯುಟಿಎಫ್-8 ಅಲ್ಲದ ಬೈಟ್ ಕೂತಿತ್ತು, ಮೈಎಸ್‌ಕ್ಯೂಎಲ್ ಸುಮ್ನೆ ಹೊಟ್ಟೆಗೆ ಹಾಕ್ಕೊಂಡಿತ್ತು, ಪೋಸ್ಟ್‌ಗ್ರೆಸ್ ಒಂದೇ ಒಂದು ಬೈಟಿಗೆ ಕಾಪಿನೇ ನಿಲ್ಲಿಸ್ತು. ಮೊದ್ಲು ಹಳೇ ಕಡೆನೇ ಯುಟಿಎಫ್-8ಗೆ ಬದಲಿಸೋ ರೀಕೋಡ್ ಸ್ಕ್ರಿಪ್ಟ್ ಡ್ರೈ ರನ್ (ಏನೂ ಬದಲಿಸದೆ ಬರೀ ಪರೀಕ್ಷೆ) ಮಾಡಿ ನೋಡಿ. ನಿಮ್ ರಿಪೋರ್ಟ್‌ಗಳಲ್ಲಿ ಇಮೇಲ್ ಹೋಲಿಸಿದ್ರೆ ದೊಡ್ಡಕ್ಷರ ಸಣ್ಣಕ್ಷರ ನೋಡ್ಕೊಳಿ, ಪೋಸ್ಟ್‌ಗ್ರೆಸ್‌ಗೆ ಎರಡೂ ಬೇರೆ.

ಬಗ್‌ಬೇಟೆ:
ಟೆಸ್ಟ್ ಮಷೀನಲ್ಲಿ ಕಾಪಿ ಆಯ್ತು ಗುರುಗಳೇ, ಅಟ್ಯಾಚ್‌ಮೆಂಟೂ ತೆರ್ಕೊಳ್ತಿವೆ! ಒಂದು ರಿಪೋರ್ಟ್ ಮಾತ್ರ ಗ್ರೂಪ್ ಬೈ (ಸಾಲುಗಳನ್ನ ಗುಂಪು ಮಾಡೋ ಎಸ್‌ಕ್ಯೂಎಲ್ ಭಾಗ) ಎರರ್ ಅಂತ ಹಠ ಹಿಡಿದಿದೆ.

ಹಳೇಪರ್ಲ್:
ಸೆಲೆಕ್ಟಲ್ಲಿ ಬಗ್ ಐಡಿ ಜೊತೆ ಇಮೇಲ್ ಕೇಳಿ, ಗ್ರೂಪಲ್ಲಿ ಐಡಿ ಒಂದೇ ಹಾಕಿರ್ತಾರೆ. ಹಳೇ ಮೈಎಸ್‌ಕ್ಯೂಎಲ್ ಕಣ್ಮುಚ್ಕೊಂಡು ಬಿಡ್ತಿತ್ತು, 5.7ರಿಂದ ಅದೂ ಬೈಯತ್ತೆ. ಇಮೇಲನ್ನೂ ಗ್ರೂಪಿಗೆ ಸೇರ್ಸಿ. ಪೋಸ್ಟ್‌ಗ್ರೆಸಲ್ಲಿ ಇಲ್ಲದ ಮೈಎಸ್‌ಕ್ಯೂಎಲ್ ಫಂಕ್ಷನ್ ಲಾಸ್ಟ್ ಇನ್ಸರ್ಟ್ ಐಡಿ ಸ್ಕ್ರಿಪ್ಟ್‌ಗಳಲ್ಲಿ ಎಲ್ಲಾದ್ರೂ ಇದ್ಯಾ ಅಂತ್ಲೂ ಗ್ರೆಪ್ ಹೊಡೀರಿ (ಹುಡುಕಿ).

ಬಗ್‌ಬೇಟೆ:
ಹೊಡ್ದೆ. ಮೂರು ಕಡೆ ಇದೆ 😭