ತವರಿಗೆ ಹೋಗುತ್ತಿಲ್ಲ, ಬೆಂಗಳೂರಲ್ಲೇ ಬಾಣಂತನ: ಮೊದಲ ಮಗುವಿಗೆ ಮನೆಯಲ್ಲಿ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಹಾಸನದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನನಗೀಗ ಎಂಟನೇ ತಿಂಗಳು, ಮೊದಲ ಮಗು. ಸೀಮಂತ ಮುಗಿಸಿಕೊಂಡು ತವರಿಗೆ ಹೋಗೋದು ನಮ್ಮ ಕಡೆ ರೂಢಿ. ಆದರೆ ಅಮ್ಮನಿಗೆ ಮೊಣಕಾಲು ನೋವು ಜಾಸ್ತಿ ಆಗಿದೆ, ನಮ್ಮ ಹಳ್ಳಿಯಿಂದ ದೊಡ್ಡಾಸ್ಪತ್ರೆಗೆ ದೂರ ಬೇರೆ, ಹಾಗಾಗಿ ಇಲ್ಲೇ ಇರೋಣ ಅಂತ ತೀರ್ಮಾನ ಮಾಡಿದ್ದೇವೆ. ಅಮ್ಮ ಬಂದಿರುತ್ತಾರೆ, ಧಾರವಾಡದಿಂದ ಅತ್ತೆಯೂ ಸ್ವಲ್ಪ ದಿನ ಬರುತ್ತಾರೆ. ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ, ಬಾತ್‌ರೂಮ್ ಒಂದೇ.

ನೆಟ್‌ನಲ್ಲಿ ಸಿಗುವ ಪಟ್ಟಿ ನೋಡಿದರೆ ಅರ್ಧ ಅಂಗಡಿ ಮನೆಗೆ ತರಬೇಕು ಅನ್ನಿಸುತ್ತದೆ. ಅಮ್ಮ ನೋಡಿದರೆ ಮಗು ಹುಟ್ಟುವ ಮುಂಚೆ ಒಂದು ಅಂಗಿಯನ್ನೂ ತರಬಾರದು ಅಂತಾರೆ. ನಿಜವಾಗಿ ಏನು ಬೇಕು? ನನ್ನ ಗಂಡ ಏನು ಮಾಡಿಟ್ಟುಕೊಳ್ಳಬೇಕು ಅಂತಲೂ ಯಾರಾದರೂ ಹೇಳಿ.

ಎರಡು ಮಕ್ಕಳ ತಾಯಿ:
ತಂಗಿ, ಅಮ್ಮನ ಮಾತಿಗೆ ಎದುರು ಹೋಗಬೇಡಿ, ಹೊಸದು ಏನೂ ತರದೆಯೇ ಬೇಕಾದಷ್ಟು ಸಿದ್ಧ ಮಾಡಬಹುದು. ಮನೆಯಲ್ಲಿರೋ ಹಳೆ ಕಾಟನ್ ಸೀರೆ, ಮೆತ್ತಗಾಗಿರೋ ಪಂಚೆ ತೆಗೆದು ಬಿಸಿನೀರಲ್ಲಿ ಒಗೆದು, ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ, ಚೌಕ ಚೌಕ ಕತ್ತರಿಸಿ ಇಟ್ಟುಕೊಳ್ಳಿ. ಮೊದಲ ತಿಂಗಳು ಇದೇ ಜಾಸ್ತಿ ಬೇಕಾಗೋದು. ಎಷ್ಟಿದ್ದರೂ ಸಾಲದು, ಮಳೆಗಾಲವಾದರಂತೂ ಒಣಗೋದೇ ಇಲ್ಲ. ಅತ್ತೆ ಧಾರವಾಡದವರು ಅಂದಿರಲ್ಲ, ಹಳೆ ಸೀರೆಯ ಒಂದು ಸಣ್ಣ ಕೌದಿ ಹೊಲಿದು ತನ್ನಿ ಅಂತ ಕೇಳಿ, ಖುಷಿಯಿಂದ ತರುತ್ತಾರೆ. ಅಂಗಿ, ಕುಲಾವಿ ಎಲ್ಲ ಮಗು ಹುಟ್ಟಿದ ದಿನವೇ ಯಾರಾದರೂ ತಂದುಕೊಡಬಹುದು, ನೀವಿರೋದು ಬೆಂಗಳೂರಲ್ಲಿ ಅಲ್ವಾ.

ಹಾಲಿನ ಬಾಟಲಿ, ಸ್ಟೆರಿಲೈಸರ್, ಹಾಲಿನ ಪುಡಿ ಈಗ ಬೇಡ. ಮನೆಯಲ್ಲಿದ್ದರೆ ಮಗು ಎರಡು ಸಲ ಜೋರಾಗಿ ಅತ್ತ ಕೂಡಲೇ ಯಾರಾದರೂ "ಹಾಲು ಸಾಲುತ್ತಿಲ್ಲ, ಕಲಸಿ ಕೊಡಿ" ಅಂತ ಶುರು ಮಾಡುತ್ತಾರೆ. ಡಾಕ್ಟರ್ ಬೇಕು ಅಂದರೆ ಆಗ ತಂದರಾಯಿತು.

ಖರ್ಚು ಮಾಡೋದಾದರೆ ನಿಮಗಾಗಿ ಮಾಡಿಕೊಳ್ಳಿ. ಮುಂದೆ ಜಿಪ್ ಇರುವ ಕಾಟನ್ ನೈಟಿ, ದೊಡ್ಡ ಪ್ಯಾಡ್, ಬೆನ್ನಿಗೆ ಆಸರೆ ಇರುವ ಒಂದು ಗಟ್ಟಿ ಕುರ್ಚಿ. ಬಾತ್‌ರೂಮಲ್ಲಿ ಜಾರದ ಮ್ಯಾಟ್, ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ. ಹೊಲಿಗೆ ಹಾಕಿದ್ದಾಗ ಕೂತು ಏಳೋದು ಎಷ್ಟು ಕಷ್ಟ ಅಂತ ಯಾವ ಪಟ್ಟಿಯಲ್ಲೂ ಬರೆದಿರೋದಿಲ್ಲ. ಅಮ್ಮನ ಮೊಣಕಾಲಿಗೂ ಅದು ಬೇಕು. ಇನ್ನೊಂದು, ಅಮ್ಮ ಬರುತ್ತಾರೆ ಅಂತ ಅಡುಗೆ, ಬಟ್ಟೆ, ಮಗುವಿನ ಸ್ನಾನ ಎಲ್ಲ ಅವರ ಮೇಲೆ ಬೀಳಬಾರದು. ಮನೆಕೆಲಸಕ್ಕೆ ಒಬ್ಬರನ್ನು ಈಗಲೇ ಗೊತ್ತು ಮಾಡಿ.

ಹೆರಿಗೆ ವಾರ್ಡಿನ ನರ್ಸ್:
ಬಟ್ಟೆಬರೆ ವಿಷಯ ಅಕ್ಕ ಹೇಳಿದ್ದಾರೆ. ನಾನು ಆಸ್ಪತ್ರೆ ಕಡೆಯದ್ದು ಹೇಳುತ್ತೇನೆ.

ಬ್ಯಾಗ್ ಈಗಲೇ ಕಟ್ಟಿ ಬಾಗಿಲ ಹತ್ತಿರ ಇಡಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತದ ರಿಪೋರ್ಟ್, ಇಬ್ಬರ ಆಧಾರ್, ಇನ್ಶೂರೆನ್ಸ್ ಇದ್ದರೆ ಅದರ ಕಾರ್ಡ್ ಎಲ್ಲ ಒಂದೇ ಫೈಲಲ್ಲಿ ಇರಲಿ. ರಾತ್ರಿ ಹೊತ್ತು ನೋವು ಬಂದರೆ ಯಾವ ಗಾಡಿ, ಎರಡು ಮಹಡಿ ಮೆಟ್ಟಿಲು ಇಳಿಸಲು ಜೊತೆಗೆ ಯಾರು ಅನ್ನೋದು ನಿಮ್ಮ ಪಕ್ಕದ ಮನೆಯವರಿಗೂ ಗೊತ್ತಿರಲಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ನೀರು ಹೋದರೆ, ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, ತಡೆಯಲಾಗದ ತಲೆನೋವು ಬಂದು ಕಣ್ಣು ಮಂಜಾದರೆ ನೋವು ಶುರುವಾಗಲಿ ಅಂತ ಕಾಯಬೇಡಿ. ನೇರ ಆಸ್ಪತ್ರೆಗೆ ಬನ್ನಿ. "ಬೆಳಗಾಗಲಿ ನೋಡೋಣ" ಅಂತ ಕಾದು ಬರುವವರನ್ನು ನೋಡಿದಾಗ ನಮಗೆ ತುಂಬಾ ಸಂಕಟವಾಗುತ್ತದೆ.

ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿಕೊಳ್ಳಿ. ಸಿಸೇರಿಯನ್ ಆದರೂ ಬೇಗ ಕೊಡಿಸಿ ಅಂತ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿಟ್ಟುಕೊಳ್ಳಿ. ಮೊದಲು ಬರುವ ಹಳದಿ ಹಾಲು ಸ್ವಲ್ಪವೇ ಇರುತ್ತದೆ, ಮಗುವಿಗೆ ಅಷ್ಟೇ ಸಾಕು, ಅದನ್ನು ಹಿಂಡಿ ಚೆಲ್ಲಬಾರದು. ಜೇನು, ಸಕ್ಕರೆ ನೀರು, ಬಜೆ ತೇಯ್ದದ್ದು ಯಾವುದೂ ಬಾಯಿಗೆ ಬೇಡ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ಹೊಕ್ಕುಳಿಗೆ ಎಣ್ಣೆ, ಅರಿಶಿನ, ಪೌಡರ್ ಹಚ್ಚಬೇಡಿ, ಒಣಗಿರಲು ಬಿಡಿ, ತಾನಾಗಿ ಬೀಳುತ್ತದೆ. ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ ಈ ಮೂರೂ ಲಸಿಕೆ ಹಾಕಿದ್ದಾರಾ ಅಂತ ಡಿಸ್ಚಾರ್ಜ್ ಮುಂಚೆ ಕಾರ್ಡ್ ನೋಡಿ ಕೇಳಿ. ಮುಂದಿನದು 6ನೇ ವಾರಕ್ಕೆ.

ಹಾಲು ಸಾಕಾಗುತ್ತಿದೆಯಾ ಅಂತ ಎಲ್ಲರಿಗೂ ಅನುಮಾನ ಬರುತ್ತದೆ. ಐದಾರು ದಿನ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದು, ತೂಕವೂ ಏರುತ್ತಿದ್ದರೆ ಸಾಕಾಗುತ್ತಿದೆ ಅಂತಲೇ ಅರ್ಥ. ದಿನಕ್ಕೆ 8ರಿಂದ 12 ಸಲ ಕುಡಿಯೋದು ಮಾಮೂಲು, ರಾತ್ರಿಯೂ ಸೇರಿ.

ಹೊಸ ಅಪ್ಪ:
ಗಂಡನಿಗೆ ಏನು ಕೆಲಸ ಅಂತ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಮೊದಲು ರಜೆ. ಕೇಂದ್ರ ಸರ್ಕಾರಿ ನೌಕರರಾದರೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಯಲ್ಲಿ ಅವರವರ ನಿಯಮ, ಎಚ್‌ಆರ್‌ಗೆ ಈಗಲೇ ಮೇಲ್ ಹಾಕಲಿ. ರಜೆ ಎಲ್ಲ ಆಸ್ಪತ್ರೆಯಲ್ಲೇ ಮುಗಿಸದೆ ಒಂದಷ್ಟು ಉಳಿಸಿಕೊಳ್ಳಲಿ, ನಿಜವಾದ ಕೆಲಸ ಇರೋದು ಮನೆಗೆ ಬಂದ ಮೇಲೆ. ನಿಮ್ಮದು ಕಂಪನಿ ಕೆಲಸವಾದರೆ ಕಾನೂನಿನ ಪ್ರಕಾರ 26 ವಾರ ಸಂಬಳ ಸಹಿತ ರಜೆ ಸಿಗಬೇಕು, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತಗೊಳ್ಳಬಹುದು.

ಹಾಲು ಕುಡಿಸೋದು ಬಿಟ್ಟು ಉಳಿದದ್ದೆಲ್ಲ ಗಂಡ ಮಾಡಬಹುದು. ತೇಗು ಬರಿಸೋದು, ಬಟ್ಟೆ ಬದಲಿಸೋದು, ಒಗೆಯೋದು, ರಾತ್ರಿ ಎದ್ದು ಮಗುವನ್ನು ಎತ್ತಿ ನಿಮ್ಮ ಕೈಗೆ ಕೊಟ್ಟು ಒಂದು ಲೋಟ ನೀರು ತಂದಿಡೋದು. ಜನನ ನೋಂದಣಿಯೂ ಅವರದ್ದೇ ಕೆಲಸವಾಗಲಿ, 21 ದಿನದೊಳಗೆ ಆಗಬೇಕು. ಆಸ್ಪತ್ರೆಯವರೇ ಕಳಿಸುತ್ತಾರೆ, ಆದರೆ ನಿಮ್ಮಿಬ್ಬರ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯಾ ಅಂತ ಫಾರಂ ಮೇಲೆ ಒಂದೊಂದು ಅಕ್ಷರ ನೋಡಬೇಕು. ಮಗುವಿನ ಹೆಸರು ನಾಮಕರಣ ಆದ ಮೇಲೆ ಸೇರಿಸಬಹುದು.

ನೋಡಲು ಬರುವವರ ವಿಷಯವನ್ನೂ ಅವರೇ ನೋಡಿಕೊಳ್ಳಲಿ. ನೆಗಡಿ, ಕೆಮ್ಮು ಇದ್ದವರು ಬರಬೇಡಿ, ಮಗುವಿಗೆ ಮುತ್ತು ಕೊಡಬೇಡಿ ಅಂತ ಬಾಣಂತಿ ಹೇಳಿದರೆ ನಿಷ್ಠುರ ಆಗುತ್ತದೆ. ಅವರ ಕಡೆಯವರಿಗೆ ಅವರೇ ಹೇಳಲಿ.

ಬಾಗಲಕೋಟೆಯವಳು:
ಎಲ್ಲ ಸರಿ, ಆದರೆ ಹಳೆ ಬಾಣಂತನ ಅಂದರೆ ಬರೀ ತಪ್ಪು ಅನ್ನುವ ಹಾಗೆ ಆಗಬಾರದು. ಎಣ್ಣೆ ತಿಕ್ಕಿ ಬಿಸಿನೀರು ಹಾಕೋದು, ಅಂಟಿನ ಉಂಡಿ, ಸಬ್ಬಸಿಗೆ ಪಲ್ಯ, ಮೆಣಸಿನ ಸಾರು, ಯಾರೂ ಎಬ್ಬಿಸದೆ ಮಲಗಲು ಬಿಡೋದು, ಇವೆಲ್ಲ ದೊಡ್ಡ ಸುಖ ರೀ. ಒಣಕೊಬ್ಬರಿ, ಅಂಟು, ಉತ್ತತ್ತಿ ಈಗಲೇ ತಂದಿಡಿ, ಉಂಡಿ ಕಟ್ಟೋದು ಅತ್ತೆಗೆ ಬಿಡಿ. ಒಂದೇ ಒಂದಕ್ಕೆ ಒಪ್ಪಬೇಡಿ, ಬಾಣಂತಿ ನೀರು ಕುಡಿಯಬಾರದು ಅಂತಾರಲ್ಲ, ಅದಕ್ಕೆ. ಹಾಲುಣಿಸುವಾಗ ಬಾಯಾರಿಕೆ ಸಿಕ್ಕಾಪಟ್ಟೆ ಆಗುತ್ತದೆ. ಕಾಯಿಸಿ ಆರಿಸಿದ ನೀರು ಕುಡಿಯಿರಿ.

ಮನಸ್ಸಿನ ಬಗ್ಗೆ ಯಾರೂ ಬರೆದಿಲ್ಲ. ಮೊದಲ ವಾರ ಸುಮ್ಮಸುಮ್ಮನೆ ಅಳು ಬರೋದು ಬಹಳ ಜನರಿಗೆ ಇರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಮಗು ಬೇಡ ಅನ್ನಿಸಿದರೆ, ಅದು ಕಾಯಿಲೆ, ಔಷಧಿ ಇದೆ. ನಿಮ್ಮ ಹೆರಿಗೆ ಡಾಕ್ಟರಿಗೇ ಹೇಳಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಲ್ಲೇ ಇದ್ದೀರಿ, ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ. ಇದನ್ನು ನಿಮ್ಮ ಗಂಡ, ಅಮ್ಮ ಇಬ್ಬರಿಗೂ ಓದಿ ಹೇಳಿ, ಆ ಹೊತ್ತಿನಲ್ಲಿ ನಿಮಗೇ ಅದು ಗೊತ್ತಾಗದಿರಬಹುದು.

ಹಾಸನದ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇವತ್ತೇ ಸೀರೆಗಳನ್ನು ನೆನೆಹಾಕಿದ್ದೇನೆ. ನರ್ಸ್ ಅಕ್ಕ, ಇನ್ನೊಂದು ಪ್ರಶ್ನೆ. ಅತ್ತೆ ಸಾಸಿವೆ ದಿಂಬು ಹೊಲಿದಿಟ್ಟಿದ್ದಾರೆ, ಸ್ನಾನ ಆದ ಮೇಲೆ ಲೋಬಾನದ ಹೊಗೆ ಕೊಡಬೇಕು, ಕಣ್ಣಿಗೆ ಕಾಡಿಗೆ ಹಚ್ಚಬೇಕು ಅಂತಾರೆ. ಅವರ ಮನಸ್ಸು ನೋಯಿಸದೆ ಹೇಗೆ ಹೇಳೋದು?

ಹೆರಿಗೆ ವಾರ್ಡಿನ ನರ್ಸ್:
ದಿಂಬು ಬೇಡ. ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗಿಸಬೇಕು, ಸುತ್ತ ಮೆತ್ತನೆ ವಸ್ತು ಇರಬಾರದು. ಹೊಗೆ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಕೂದಲು ಒಣಗಲು ಮೆತ್ತನೆ ಟವೆಲ್ ಸಾಕು. ಕಾಡಿಗೆ ಕಣ್ಣಿನೊಳಗೆ ಬೇಡವೇ ಬೇಡ, ದೃಷ್ಟಿಗೆ ಅಂತಿದ್ದರೆ ಅಂಗಾಲಿಗೆ ಒಂದು ಬೊಟ್ಟು ಇಡಲಿ. ನೀವು ಹೇಳಲು ಹೋಗಬೇಡಿ. ಅತ್ತೆ ಬಂದ ಮೇಲೆ ಮುಂದಿನ ಚೆಕಪ್‌ಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಎದುರು ನೀವೇ ಈ ಮೂರೂ ಪ್ರಶ್ನೆ ಕೇಳಿ. ಡಾಕ್ಟರ್ ಬಾಯಿಂದ ಬಂದರೆ ಅವರೇ ಒಪ್ಪುತ್ತಾರೆ, ಆಮೇಲೆ ಬೇರೆಯವರಿಗೂ ಅವರೇ ಹೇಳುತ್ತಾರೆ.